ಚಿತ್ತಾರದ ಮೇಕಪ್ ಬಾಕ್ಸ್ ಕೊಳ್ಳೋ ಮುಂಚೆ, ಮನೆಯ ಬುಟ್ಟಿಯ ಫೋಟೊ ಕೊಡೋ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಸಾಗರ, ಸೊರಬ ಕಡೆಯವರು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಮನೆಯಲ್ಲಿ ಹಸೆ ಚಿತ್ತಾರ, ಅಂದರೆ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ ಬರೆಯುವ ಅಮ್ಮ, ಅಜ್ಜಿ, ದೊಡ್ಡಮ್ಮ ಇರುವವರು. ಇದನ್ನು ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ. ಐದು ತಿಂಗಳು ಸುಮ್ಮನಿದ್ದೆ. ನಿನ್ನೆ ಬಂದ ಒಂದು ಮೆಸೇಜ್ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ನಾನು ಶಿರಸಿಯಲ್ಲಿ ಚಿಕ್ಕದೊಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮದುಮಗಳ ಮೇಕಪ್ ಮಾಡುತ್ತೇನೆ. ಈ ಕೆಲಸ ಶುರು ಮಾಡಿ ಒಂಬತ್ತು ವರ್ಷ ಆಯಿತು. ಮುಚ್ಚಳ ತೆಗೆದ ಕೂಡಲೇ ಐಶ್ಯಾಡೋ ಎಂಥದ್ದು, ಲಿಪ್‌ಸ್ಟಿಕ್ ಊಟ ಆಗುವವರೆಗೆ ನಿಲ್ಲುತ್ತದಾ ಇಲ್ಲವಾ ಅಂತ ಹೇಳಬಲ್ಲೆ. ಹಾಗಿದ್ದೂ ಮೋಸ ಹೋದೆ. ನಾನೊಬ್ಬಳೇ ಅಲ್ಲ, ನನ್ನನ್ನು ನಂಬಿದ ಹುಡುಗಿಯರಿಗೂ ಮೋಸ ಆಯಿತು.

ಏಪ್ರಿಲ್‌ನಲ್ಲಿ ಮೊಬೈಲ್‌ನಲ್ಲಿ ಒಂದು ಜಾಹೀರಾತು ಬಂತು. ಬೆಂಗಳೂರಿನ ಒಂದು ಮೇಕಪ್ ಕಂಪನಿಯದು. ಹೆಸರು ಬರೆಯುತ್ತಿಲ್ಲ, ವಕೀಲರು ಬೇಡ ಅಂದಿದ್ದಾರೆ. ಲಿಮಿಟೆಡ್ ಎಡಿಶನ್, 500 ಬಾಕ್ಸ್ ಮಾತ್ರ, ಆಮೇಲೆ ಎಲ್ಲೂ ಸಿಗೋದಿಲ್ಲ ಅಂತ ಇತ್ತು. ಒಳಗೆ ಐಶ್ಯಾಡೋ ಪ್ಯಾಲೆಟ್, ಎರಡು ಲಿಪ್‌ಸ್ಟಿಕ್, ಕಾಡಿಗೆ, ಒಂದು ಪ್ಯಾಕೆಟ್ ವೈಪ್ಸ್. ಮುಚ್ಚಳದ ಮೇಲೆ ಕೆಂಪು ನೆಲ, ಬಿಳಿ ಎಳೆ. ನಮ್ಮ ಚಿತ್ತಾರ! ಕೆಳಗೆ ಸಣ್ಣ ಅಕ್ಷರದಲ್ಲಿ, ಮಲೆನಾಡಿನ ಮಹಿಳೆಯರು ಕೈಯಲ್ಲೇ ಬರೆದ ಮುಚ್ಚಳ, ಲಾಭದ ಒಂದು ಪಾಲು ಅವರಿಗೇ ಅಂತ ಬರೆದಿತ್ತು. ನನಗೆ ಎಷ್ಟು ಖುಷಿ ಆಯಿತು ಅಂದರೆ ಹೇಳೋಕಾಗಲ್ಲ. ನಾವು ದೀವರು, ಈ ಚಿತ್ತಾರ ಬರೆಯುವ ಮಲೆನಾಡಿನ ಸಮುದಾಯ. ಚಿಕ್ಕಂದಿನಿಂದ ಹಸೆ ಗೋಡೆ ನೋಡಿಕೊಂಡೇ ಬೆಳೆದವಳು. ನಮ್ಮನೆಯ ಎಳೆ ಇಷ್ಟು ಚೆಂದದ ಬಾಕ್ಸ್ ಮೇಲೆ ಬಂದಿದೆ ಅಂತ ಪಾರ್ಲರಿಗೆ ಬಂದವರಿಗೆಲ್ಲ ತೋರಿಸಿದೆ. ಐದು ಮದುಮಗಳಂದಿರ ಹತ್ತಿರ ನಾನೇ ಹೇಳಿ ಅಡ್ವಾನ್ಸ್ ಇಸಿದುಕೊಂಡೆ. ನನಗೊಂದು ಸೇರಿಸಿ ಒಟ್ಟು ಆರು ಬಾಕ್ಸ್. ಒಂದಕ್ಕೆ 2,799 ರೂಪಾಯಿ, ಒಟ್ಟು 16,794. ಕ್ಯಾಶ್ ಆನ್ ಡೆಲಿವರಿ ಇಲ್ಲ, ಮೊದಲೇ ಪೂರ್ತಿ ಕಟ್ಟಬೇಕು. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಪಾರ್ಸೆಲ್ ಬಂತು. ಒಡೆದೆ. ಮೊದಲು ಕಂಡದ್ದು ನಂಬರ್. ಪ್ರತಿ ಬಾಕ್ಸಿನ ಅಡಿಯಲ್ಲಿ ಬಂಗಾರದ ಬಣ್ಣದ ಸ್ಟಿಕ್ಕರ್, 500ರಲ್ಲಿ ಇದು ಎಷ್ಟನೆಯದು ಅಂತ. ನನ್ನ ಆರರಲ್ಲಿ ಎರಡಕ್ಕೆ 217. ಎರಡಕ್ಕೂ 217! ಪಕ್ಕಪಕ್ಕ ಇಟ್ಟು ನೋಡಿದೆ. ಇರೋದೇ 500 ಅಂದಮೇಲೆ ಎರಡು 217 ಎಲ್ಲಿಂದ ಬಂತು? ಆಮೇಲೆ ಮುಚ್ಚಳ ಮುಟ್ಟಿದೆ. ನುಣ್ಣಗಿತ್ತು. ಕೈಯಲ್ಲಿ ಬರೆದ ಎಳೆ ಬೆರಳಿಗೆ ಸಿಗುತ್ತದೆ, ಅಕ್ಕಿ ಹಿಟ್ಟು ಒಣಗಿದ್ದು ಸಣ್ಣಗೆ ಉಬ್ಬಿರುತ್ತದೆ. ಇಲ್ಲಿ ಏನೂ ಇಲ್ಲ. ಪ್ರಿಂಟ್. ಆರಕ್ಕೂ ಒಂದೇ ಪ್ರಿಂಟ್. ಪ್ಯಾಲೆಟ್ಟಿನ ಬಣ್ಣಗಳು ಇದೇ ಕಂಪನಿಯ ಹಳೇ ಪ್ಯಾಲೆಟ್ಟಿನವೇ. ಅದು ನನ್ನ ಪಾರ್ಲರಿನಲ್ಲೇ ಇದೆ, ಬೆಲೆ 1,150. ಹೆಸರು ಮಾತ್ರ ಬದಲಾಯಿಸಿದ್ದಾರೆ. ಕಂದು ಬಣ್ಣಕ್ಕೆ ‘ಕೆಮ್ಮಣ್ಣು’. ಒಂದು ಲಿಪ್‌ಸ್ಟಿಕ್ಕಿಗೆ ‘ಭೂಮಣ್ಣಿ’.

ಭೂಮಣ್ಣಿ ಅಂತ ಲಿಪ್‌ಸ್ಟಿಕ್ಕಿಗೆ ಹೆಸರಿಡುತ್ತಾರೆ ಅಂದರೆ ಏನು ಹೇಳೋಣ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ಏಣಿ, ಭತ್ತದ ಸಸಿ, ಜೋಗಿ ಜಡೆ, ಒಂದೊಂದಕ್ಕೂ ಹೆಸರಿದೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ಹಚ್ಚಂಬಲಿ, ಕಡುಬು ಎಲ್ಲ ಆ ಬುಟ್ಟಿಯಲ್ಲಿಟ್ಟು, ಬೆಳಕು ಹರಿಯೋ ಮೊದಲೇ ಗದ್ದೆಗೆ ಹೊತ್ತುಕೊಂಡು ಹೋಗಿ ಚರಗ ಬೀರುತ್ತಾರೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಎಡೆಯಾಗಿ ಚೆಲ್ಲುತ್ತಾರೆ. ಪೈರು ತುಂಬಿಕೊಳ್ಳುವ ಹೊತ್ತು ಅದು, ಬಸುರಿಗೆ ಬಯಕೆ ಊಟ ಕೊಟ್ಟ ಹಾಗೆ. ಮಾರೋಕೆ ಬರೆಯೋದಲ್ಲ. ಅಲಂಕಾರಕ್ಕೂ ಅಲ್ಲ.

ನನಗೆ ಇಷ್ಟಕ್ಕೇ ಸಿಟ್ಟು ಬಂದಿತ್ತು. ಆದರೆ ನಿಜವಾದ ಪೆಟ್ಟು ಬಿದ್ದದ್ದು ಆ ಭಾನುವಾರ.

ಸಿದ್ದಾಪುರದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಒಂದು ಬಾಕ್ಸ್ ತೆಗೆದುಕೊಂಡು ಹೋದೆ, ಕೇಳೋಣ ಅಂತ. ದೊಡ್ಡಮ್ಮ ಕನ್ನಡಕ ಹಾಕಿಕೊಂಡಳು. ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಎಳೆಯ ಮೇಲೆ ಬೆರಳಿಟ್ಟು ನಿಧಾನ ಜಾರಿಸುತ್ತಾ ಬಂದಳು, ಬರೆಯುವಾಗ ಮಾಡುವ ಹಾಗೇ. ಬಲಗಡೆ ಮೂಲೆಗೆ ಬಂದಾಗ ಬೆರಳು ನಿಂತಿತು.

“ಇಲ್ಲಿ ಬಿದಿರು ಎದ್ದಿತ್ತು ನೋಡು. ನಾರು ಸಿಕ್ಕಿಕೊಂಡು ಎಳೆ ತುಂಡಾತು. ತಿದ್ದಾಕೆ ಹೋಗಿ ಎರಡು ಎಳೆ ಅಂಟಿಕೊಂಡ್ವು. ಇದು ನಮ್ಮನೆ ಬುಟ್ಟಿ ಅಲ್ದನೇ ಮಗಾ?”

ಅಟ್ಟ ಹತ್ತಿ ಬುಟ್ಟಿ ಇಳಿಸಿದೆ. ಪಕ್ಕದಲ್ಲಿಟ್ಟೆ. ಅದೇ ಮೂಲೆ, ಅದೇ ತುಂಡಾದ ಎಳೆ, ಅಂಟಿಕೊಂಡ ಅದೇ ಎರಡು ಎಳೆ. ಹೆಣಿಗೆಯ ನೆರಳು ಕೂಡ ಪ್ರಿಂಟಿನಲ್ಲಿ ಬಂದಿದೆ. ನನ್ನ ಕೈಕಾಲು ತಣ್ಣಗಾಯಿತು. ಯಾಕೆಂದರೆ ಆ ಬುಟ್ಟಿಯ ಫೋಟೊ ತೆಗೆಸಿದ್ದು ನಾನೇ.

ಹೌದು, ನಾನೇ. ಹೋದ ವರ್ಷ ಹುಣ್ಣಿಮೆಗೆ ಎರಡು ದಿನ ಮುಂಚೆ ಇಬ್ಬರು ಹುಡುಗಿಯರು, ಒಬ್ಬ ಕ್ಯಾಮೆರಾ ಹುಡುಗ ಬಂದಿದ್ದರು. ನನ್ನ ಪಾರ್ಲರಿನ ಫೋಟೊಗಳನ್ನು ನೋಡಿ ಸಂಪರ್ಕ ಮಾಡಿದ್ದು. ಜನಪದ ಕಲೆಯ ದಾಖಲೀಕರಣ ಮಾಡ್ತಿದೀವಿ ಅಕ್ಕಾ, ನಶಿಸಿ ಹೋಗ್ತಿದೆ ಅಲ್ವಾ ಅಂದರು. ಮೇಕಪ್ ಅನ್ನೋ ಮಾತೇ ಬರಲಿಲ್ಲ. ನಾನೇ ಕರೆದುಕೊಂಡು ಹೋದೆ. ದೊಡ್ಡಮ್ಮ ಅವರಿಗೆ ಊಟ ಹಾಕಿದಳು, ಮಜ್ಜಿಗೆ ಕೊಟ್ಟಳು, ನಾರು ಜಜ್ಜೋದು ಹೇಗೆ ಅಂತ ಕೂತು ತೋರಿಸಿದಳು. ಹೋಗುವಾಗ 500 ರೂಪಾಯಿಯ ಒಂದು ನೋಟು, ಒಂದು ಸ್ವೀಟ್ ಬಾಕ್ಸ್ ಕೊಟ್ಟರು. ಇಂಗ್ಲಿಷಿನ ಒಂದು ಹಾಳೆ ತೆಗೆದು, ಫೋಟೊ ತೆಗೆದಿದ್ದಕ್ಕೆ ಸುಮ್ನೆ ಒಂದು ಸಹಿ ಅಂದರು. ದೊಡ್ಡಮ್ಮ ನನ್ನ ಮುಖ ನೋಡಿದಳು. ನಾನು ಮೇಲಿನ ಎರಡು ಸಾಲು ಓದಿ, ಹಾಕು ದೊಡ್ಡಮ್ಮ ಏನಿಲ್ಲ ಅಂದೆ. ಈ ಮಾತು ನೆನಪಾದಾಗೆಲ್ಲ ಹೊಟ್ಟೆ ಉರಿಯುತ್ತದೆ. ಹಾಕು ದೊಡ್ಡಮ್ಮ ಏನಿಲ್ಲ ಅಂದೆ.

ಬಾಕ್ಸಿನ ಬದಿಯಲ್ಲಿ ಏನು ಬರೆದಿದೆ ಗೊತ್ತಾ? ‘ವಾರ್ಲಿ ಸ್ಫೂರ್ತಿಯ ಪುರಾತನ ಟ್ರೈಬಲ್ ಕಲೆ’. ವಾರ್ಲಿ ಮಹಾರಾಷ್ಟ್ರದ್ದು. ಅದನ್ನು ಬರೆಯುವ ಜನ ಬೇರೆ, ಅದರ ಗೊಂಬೆ ಬೇರೆ, ರೀತಿ ಬೇರೆ. ದೀವರ ಮನೆಗೆ ಬಂದು, ದೀವರ ಮನೆಯಲ್ಲಿ ಉಂಡು, ದೀವರ ಬುಟ್ಟಿ ತೆಗೆದುಕೊಂಡು ಹೋಗಿ, ಹೆಸರು ಹಾಕುವಾಗ ವಾರ್ಲಿ. ನಮ್ಮ ಬುಟ್ಟಿಯನ್ನೂ ಕದ್ದರು, ಅವರ ಹೆಸರನ್ನೂ ಕದ್ದರು.

ವೈಪ್ಸ್ ಪ್ಯಾಕೆಟ್ ಒಡೆದದ್ದು ದೊಡ್ಡಮ್ಮನೇ. ಪ್ರತಿ ವೈಪ್ ಮೇಲೂ ಅದೇ ಚಿತ್ತಾರ. ಇದು ಎಂಥಕ್ಕೆ ಅಂತ ಕೇಳಿದಳು. ತುಟಿಯ ಬಣ್ಣ ಒರೆಸಿ ಎಸೆಯೋಕೆ ಅಂತ ಹೇಳಲೇಬೇಕಾಯಿತು. ದೊಡ್ಡಮ್ಮ ಬೈಯಲಿಲ್ಲ. ತೆಗೆದಿದ್ದ ಆ ಒಂದು ವೈಪನ್ನು ನಾಲ್ಕು ಮಡಿಕೆ ಮಾಡಿ ದೇವರ ಗೂಡಿನ ಪಕ್ಕ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಕಂಪನಿಗೆ ಬರೆದೆ. ಎರಡು 217ರ ಫೋಟೊ, ಬುಟ್ಟಿಯ ಫೋಟೊ ಎಲ್ಲ ಕಳಿಸಿದೆ. ಹನ್ನೊಂದು ದಿನ ಉತ್ತರವೇ ಇಲ್ಲ. ಆಮೇಲೆ ಬಂತು: “ಹಾಯ್ ಡಿಯರ್, ನಿಮ್ಮ ಪ್ರೀತಿಗೆ ಧನ್ಯವಾದ! ಲಿಮಿಟೆಡ್ ಎಡಿಶನ್‌ಗೆ ರಿಟರ್ನ್ ಇರುವುದಿಲ್ಲ.” ಜೊತೆಗೆ ಒಂದು ಹಾರ್ಟ್. ನಾನು ಬರೆದದ್ದನ್ನು ಓದೇ ಇಲ್ಲ. ಮತ್ತೆ ಬರೆದೆ. ಮುಂದಿನ ಖರೀದಿಗೆ 15 ಪರ್ಸೆಂಟ್ ಡಿಸ್ಕೌಂಟ್ ಕೂಪನ್ ಕಳಿಸಿದರು. ಮತ್ತೆ ಮತ್ತೆ ಬರೆದ ಮೇಲೆ ಒಬ್ಬರು ಫೋನ್ ಮಾಡಿದರು. ಆ ಮಾತುಕತೆಯನ್ನು ಇದ್ದ ಹಾಗೇ ಬರೆಯುತ್ತೇನೆ.

“ಮೇಡಂ, ನಿಮಗೆ ಹೆಮ್ಮೆ ಆಗಬೇಕು. ನಿಮ್ಮ ಕಲೆ ಈಗ ಎಲ್ಲಾ ಕಡೆ ಹೋಗ್ತಿದೆ.”

“ನಮ್ಮ ಕಲೆ ಅಂದಮೇಲೆ ವಾರ್ಲಿ ಅಂತ ಯಾಕೆ ಹಾಕಿದ್ರಿ?”

“ಅದು ಜನರಿಗೆ ಗೊತ್ತಿರೋ ಹೆಸರು ಮೇಡಂ. ಚಿತ್ತಾರ ಅಂದ್ರೆ ಯಾರಿಗೂ ಗೊತ್ತಾಗಲ್ಲ.”

“ಕೈಯಲ್ಲಿ ಬರೆದಿದ್ದು ಅಂದ್ರಲ್ಲ?”

“ಮೂಲ ಕೈಯಲ್ಲೇ ಬರೆದಿದ್ದು ಅಲ್ವಾ ಮೇಡಂ.”

“ಲಾಭದ ಪಾಲು ಯಾರಿಗೆ ಕೊಟ್ರಿ?”

“ಅದು ಪ್ರೋಸೆಸ್‌ನಲ್ಲಿದೆ.”

“ಬರೆದವಳು ನನ್ನ ದೊಡ್ಡಮ್ಮ. ಅವಳಿಗೆ ಒಂದು ರೂಪಾಯಿ ಬಂದಿಲ್ಲ.”

“ಅವರಿಗೆ ಆವತ್ತೇ ಪೇಮೆಂಟ್ ಆಗಿದೆ. ನಮ್ಮ ಹತ್ರ ಸಹಿ ಇದೆ.”

ಆ 500 ರೂಪಾಯಿ ಪೇಮೆಂಟ್ ಅಂತೆ! ಊಟ ಹಾಕಿದ್ದಕ್ಕೆ ಕೊಟ್ಟದ್ದು ಅಂದುಕೊಂಡಿದ್ದೆವು ನಾವು. ಆ ಹಾಳೆಯ ಪ್ರತಿ ಕೊಡಿ ಅಂತ ಹಟ ಹಿಡಿದೆ. ಕೊನೆಗೆ ಕಳಿಸಿದರು. ನಾನು ಓದದೇ ಬಿಟ್ಟ ಮೂರನೇ ಸಾಲಿನಲ್ಲಿ ಇತ್ತು, ಚಿತ್ರವನ್ನೂ ಅದರಲ್ಲಿರುವ ವಿನ್ಯಾಸವನ್ನೂ ಯಾವುದೇ ವ್ಯಾಪಾರಕ್ಕೆ ಬಳಸಬಹುದು ಅಂತ. ಕೊನೆಗೆ, ಗುಡ್‌ವಿಲ್ ಅಂತ 2,000 ರೂಪಾಯಿ ಕೊಡ್ತೀವಿ, ಇದರ ಬಗ್ಗೆ ಎಲ್ಲೂ ಬರೆಯಬೇಡಿ ಅಂದರು. ಬೇಡ ಅಂದೆ. ಆಮೇಲೆ ನನ್ನ ನಂಬರ್ ಬ್ಲಾಕ್.

ಇಂಥದ್ದಕ್ಕೆ ಯಾರೂ ಏನೂ ಮಾಡೋಕಾಗಲ್ಲ, ಸುಮ್ನೆ ಬಿಡು ಅಂತ ನನಗೆ ಹೇಳಿದವರು ಬಹಳ ಜನ. ಅದು ಸುಳ್ಳು. 2010ರಲ್ಲಿ ಮ್ಯಾಕ್ ಅನ್ನೋ ದೊಡ್ಡ ಮೇಕಪ್ ಕಂಪನಿ ರೊಡಾರ್ಟೆ ಅನ್ನೋ ಫ್ಯಾಷನ್ ಕಂಪನಿ ಜೊತೆ ಸೇರಿ ಮೆಕ್ಸಿಕೋದ ಹುವಾರೆಸ್ ಊರಿನ ಹೆಸರನ್ನು ನೇಲ್ ಪಾಲಿಷ್‌ಗೆ ಇಟ್ಟಿತ್ತು. ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಕೊಲೆಯಾಗುತ್ತಿದ್ದ ಊರು ಅದು. ಜನ ಸುಮ್ಮನಿರಲಿಲ್ಲ. ಕಂಪನಿ ಕ್ಷಮೆ ಕೇಳಿತು, ಆ ಕಲೆಕ್ಷನ್ ಅಂಗಡಿಗೆ ಬರಲೇ ಇಲ್ಲ. 2025ರಲ್ಲಿ ಪ್ರಾಡಾ ಅನ್ನೋ ಇಟಲಿಯ ಫ್ಯಾಷನ್ ಕಂಪನಿ ಮಿಲಾನಿನಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ತೋರಿಸಿ ಹೆಸರು ಹೇಳದೇ ಬಿಟ್ಟಿತ್ತು. ಆ ಚಪ್ಪಲಿಗೆ 2019ರಲ್ಲೇ ಜಿಐ, ಅಂದರೆ ಇದು ಇಂಥ ಊರಿನದೇ ಅನ್ನೋ ಸರ್ಕಾರಿ ಗುರುತು ಸಿಕ್ಕಿದೆ, ಅದರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಜನ ಕೇಳಿದರು, ಕಂಪನಿ ಒಪ್ಪಿಕೊಂಡಿತು. ಅಷ್ಟು ದೊಡ್ಡವರೇ ಒಪ್ಪಿಕೊಂಡ ಮೇಲೆ ಇವರು ಯಾವ ಲೆಕ್ಕ?

ಶಿರಸಿಯ ವಕೀಲರೊಬ್ಬರ ಹತ್ತಿರ ಹೋದೆ. ಅವರು ಹೇಳಿದ್ದು: ಚಿತ್ತಾರ ಊರಿನದು, ಸರಿ. ಆದರೆ ಆ ಬುಟ್ಟಿಯ ಮೇಲೆ ಬರೆದ ಆ ಚಿತ್ರ ಬರೆದವಳದ್ದು. ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕನ್ನು ಬರೆದುಕೊಟ್ಟರೂ ಎಷ್ಟು ವರ್ಷ ಅಂತ ಹಾಳೆಯಲ್ಲಿ ಇಲ್ಲದಿದ್ದರೆ ಐದೇ ವರ್ಷ ಅಂತ ಲೆಕ್ಕ, ಎಲ್ಲಿ ಅಂತ ಇಲ್ಲದಿದ್ದರೆ ಭಾರತದೊಳಗೆ ಮಾತ್ರ. ನಮ್ಮ ಹಾಳೆಯಲ್ಲಿ ವರ್ಷವೂ ಇಲ್ಲ, ಜಾಗವೂ ಇಲ್ಲ. ಅದೂ ಅಲ್ಲದೇ ಸುಳ್ಳು ಹೇಳಿ ಸಹಿ ಹಾಕಿಸಿದ್ದಾರೆ. ನೋಟಿಸ್ ಹೋಗಿದೆ. ಎರಡು 217, ‘ಕೈಯಲ್ಲಿ ಬರೆದ’ ಅನ್ನೋ ಸುಳ್ಳು, ಇವಕ್ಕೆ ಗ್ರಾಹಕರ ದೂರು ಬೇರೆಯೇ ಹಾಕಿದ್ದೇನೆ. ಐದು ಲಕ್ಷದೊಳಗಿನದಕ್ಕೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೇ ಹಾಕಬಹುದು. ಜಿಲ್ಲಾ ಗ್ರಾಹಕ ಆಯೋಗ ಇರುವ ಕಾರವಾರಕ್ಕೆ ಘಟ್ಟ ಇಳಿದು ಹೋಗಬೇಕಲ್ಲ ಅಂತ ಹೆದರಿದ್ದೆ, ದೂರು ಕೊಡೋಕೆ ಅದು ಬೇಕಾಗಲಿಲ್ಲ. ಸಹಾಯವಾಣಿ ನಂಬರ್ 1915.

ಐದೂ ಹುಡುಗಿಯರ ದುಡ್ಡು ನಾನೇ ವಾಪಸ್ ಕೊಟ್ಟೆ. ಒಬ್ಬಳು ಮಾತ್ರ, ಇರಲಿ ಬಿಡಿ ಅಕ್ಕಾ ಬಾಕ್ಸ್ ಚೆನ್ನಾಗಿದೆ ಅಂದಳು. ಅವಳಿಗೂ ಕೊಟ್ಟು ಬಾಕ್ಸ್ ತಂದುಕೊಂಡೆ.

ನಾನು ಹೇಳೋದು ಇಷ್ಟೇ. ಪ್ರಾಜೆಕ್ಟ್, ದಾಖಲೀಕರಣ ಅಂತ ಬಂದರೆ ಯಾರು ದುಡ್ಡು ಕೊಡ್ತಿದಾರೆ ಅಂತ ಮೊದಲು ಕೇಳಿ. ಕನ್ನಡದಲ್ಲಿ ಇಲ್ಲದ ಹಾಳೆಗೆ ಸಹಿ ಹಾಕಬೇಡಿ, ಹಾಕಿಸಲೂ ಬೇಡಿ. ಹಾಳೆಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ. ಲಿಮಿಟೆಡ್ ಎಡಿಶನ್, ಕುಶಲಕರ್ಮಿಗಳಿಗೆ ಪಾಲು ಅಂತ ಕಂಡರೆ, ಯಾವ ಊರಿನ ಯಾರಿಗೆ ಎಷ್ಟು ಅಂತ ಬರೆದು ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ. ಪಾರ್ಲರಿನವರೇ, ಗಿರಾಕಿಗಳಿಗೆ ಹೇಳೋ ಮುಂಚೆ ಒಂದು ಬಾಕ್ಸ್ ತರಿಸಿ ನೋಡಿ. ನಾನು ನೋಡಲಿಲ್ಲ.

ಇನ್ನು ನಿನ್ನೆಯ ಮೆಸೇಜ್. ಹೋದ ವರ್ಷ ಬಂದಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳದ್ದು, ಹೊಸ ನಂಬರಿನಿಂದ. “ಅಕ್ಕಾ ಹೇಗಿದೀರಾ? ಈ ಸಲ ಹುಣ್ಣಿಮೆ ಯಾವತ್ತು? ನಿಮ್ಮ ಕಡೆ ಬೇರೆ ಊರಲ್ಲೂ ಬುಟ್ಟಿ ಬರೆಯೋರು ಇದಾರಾ?”

ನಾನು ಉತ್ತರ ಕೊಟ್ಟಿಲ್ಲ. ಬೇರೆ ಯಾರನ್ನಾದರೂ ಕೇಳಿಯೇ ಕೇಳುತ್ತಾಳೆ. ನಿಮ್ಮೂರಿಗೆ ಬಂದರೆ ನನಗೆ ತಿಳಿಸಿ.