ಕೇಬಲ್ ಕಿತ್ತು ತೋರಿಸುವ ಫೇಲ್‌ಓವರ್ ಡೆಮೊ ನಂಬಬೇಡಿ

ಒಂದು ಇಂಟರ್ನೆಟ್ ಹೋದರೆ ಇನ್ನೊಂದು ತಾನಾಗಿ ಬರುವಂತೆ, ಅಂದರೆ ಫೇಲ್‌ಓವರ್, ಮಾಡಿಸಿಕೊಂಡಿದ್ದೀರಾ? ಹಾಗಿದ್ದರೆ ಇವತ್ತೇ, ಕೆಲಸದ ಹೊತ್ತು ಮುಗಿದ ಮೇಲೆ, ರೂಟರ್‌ನ ಕೇಬಲ್ ಮುಟ್ಟದೆ ಒಎನ್‌ಟಿಗೆ (ಫೈಬರ್ ಕಂಪನಿ ಕೊಟ್ಟ ಡಬ್ಬ) ಬರುವ ಫೈಬರ್ ತಂತಿಯನ್ನು ಬಿಚ್ಚಿ ನೋಡಿ. ಹಸಿರು ಕನೆಕ್ಟರ್ ಹಿಡಿದು ನೇರವಾಗಿ ಎಳೆದರೆ ಸಾಕು. ತುದಿಗೆ ಬೆರಳು ತಾಗಿಸಬೇಡಿ, ಒಳಗೆ ಇಣುಕಬೇಡಿ, ದೂಳು ಕೂರದಂತೆ ಮುಚ್ಚಳ ಹಾಕಿಡಿ. ಸಿಗ್ನಲ್ ಹೋಗಿದೆ ಎಂದು ತೋರಿಸುವ ಎಲ್‌ಒಎಸ್ ದೀಪ ಕೆಂಪಾಗುತ್ತದೆ. ಒಂದು ನಿಮಿಷದ ಮೇಲೂ ಬ್ರೌಸರ್ ಸುತ್ತುತ್ತಲೇ ಇದ್ದರೆ ನಿಮ್ಮಲ್ಲಿ ಫೇಲ್‌ಓವರ್ ಇಲ್ಲ, ಎರಡು ಬಿಲ್ ಮಾತ್ರ ಇವೆ.

ತೆರಿಗೆ ಸಲಹೆಗಾರರ ಕಚೇರಿಯೊಂದರಲ್ಲಿ ಆದದ್ದು ಇದೇ. ಜಿಎಸ್‌ಟಿಯ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾದ 20ನೇ ತಾರೀಕು, ಬೀದಿಯಲ್ಲಿ ಎಲ್ಲೋ ಫೈಬರ್ ತುಂಡಾಯಿತು. 4ಜಿ ಡಾಂಗಲ್ ಪಕ್ಕದಲ್ಲೇ ದೀಪ ಮಿನುಗಿಸುತ್ತಾ ಕೂತಿತ್ತು, ಆದರೆ ಮೈಕ್ರೋಟಿಕ್ ರೂಟರ್ ಅತ್ತ ತಿರುಗಲೇ ಇಲ್ಲ. ಹಾಕಿಕೊಟ್ಟವರು ಅಂದು ಡೆಮೊ ತೋರಿಸಿದ್ದು ರೂಟರಿಗೆ ಇಂಟರ್ನೆಟ್ ಬರುವ ವ್ಯಾನ್ ಪೋರ್ಟ್‌ನ ಕೇಬಲ್ ಕಿತ್ತು. ಪೋರ್ಟ್ ಸತ್ತರೆ ಅದರ ರೂಟ್ (ಹೊರಗೆ ಹೋಗುವ ದಾರಿ) ತಾನಾಗಿ ಬಿದ್ದುಹೋಗುತ್ತದೆ, ಯಾವ ರೂಟರ್ ಬೇಕಾದರೂ ಅಷ್ಟು ಮಾಡುತ್ತದೆ. ನಿಜವಾದ ಕೆಡುಕು ಬರುವುದು ಅದರಾಚೆ. ಒಎನ್‌ಟಿ ರೂಟರ್ ಮೋಡ್‌ನಲ್ಲಿದ್ದರೆ ನಿಮ್ಮ ಗೇಟ್‌ವೇ, ಅಂದರೆ ರೂಟರ್ ಹೊರಗೆ ಹೋಗುವ ಬಾಗಿಲು, ಸಾಮಾನ್ಯವಾಗಿ 192.168.1.1, ಅಂದರೆ ಮೇಜಿನ ಮೇಲಿರುವ ಆ ಡಬ್ಬವೇ. ಗೇಟ್‌ವೇ ಬದುಕಿದೆಯೇ ಎಂದು ನೋಡುವ 'ಚೆಕ್ ಗೇಟ್‌ವೇ'ಗೆ ಪಿಂಗ್ ('ಇದ್ದೀಯಾ' ಎಂದು ಕೇಳುವ ಪ್ಯಾಕೆಟ್) ಕೊಟ್ಟಿದ್ದರೂ ರೂಟರ್ ಕೇಳುವುದು ಆ ಡಬ್ಬವನ್ನು. ಫೈಬರ್ ಇರಲಿ ಬಿಡಲಿ, ಅದು ಉತ್ತರಿಸುತ್ತಲೇ ಇರುತ್ತದೆ.

ಆದ್ದರಿಂದ ತಪಾಸಣೆ ದೂರದ ವಿಳಾಸಕ್ಕೆ ಹೋಗಬೇಕು. ಮೈಕ್ರೋಟಿಕ್‌ನಲ್ಲಿ ಇದಕ್ಕೆ ರಿಕರ್ಸಿವ್ ರೂಟಿಂಗ್, ಅಂದರೆ ದೂರದ ವಿಳಾಸವನ್ನೇ ಗೇಟ್‌ವೇ ಎಂದು ಬರೆದು ಅಲ್ಲಿಗೆ ಹೋಗುವ ದಾರಿಯನ್ನು ಬೇರೆಯಾಗಿ ಕೊಡುವುದು. 9.9.9.9/32ಕ್ಕೆ (ಆ ಒಂದೇ ವಿಳಾಸಕ್ಕೆ) ಒಂದನೇ ಕನೆಕ್ಷನ್‌ನ ಗೇಟ್‌ವೇ ಕೊಟ್ಟು ಸ್ಕೋಪ್ 10 ಮಾಡಿ. ಆಮೇಲೆ 0.0.0.0/0 (ಉಳಿದೆಲ್ಲ ವಿಳಾಸ) ರೂಟ್‌ಗೆ ಗೇಟ್‌ವೇ ಜಾಗದಲ್ಲಿ 9.9.9.9 ಬರೆದು, ಡಿಸ್ಟೆನ್ಸ್ 1 (ಸಂಖ್ಯೆ ಚಿಕ್ಕದಿದ್ದಷ್ಟೂ ಆದ್ಯತೆ ಹೆಚ್ಚು), ಚೆಕ್ ಗೇಟ್‌ವೇ ಪಿಂಗ್. ಮೈಕ್ರೋಟಿಕ್‌ನ ಸಾಫ್ಟ್‌ವೇರ್ ರೂಟರ್‌ಒಎಸ್ 7 ಆದರೆ ಈ ರೂಟ್‌ನ ಟಾರ್ಗೆಟ್ ಸ್ಕೋಪ್ 11 ಇರಲೇಬೇಕು. 6ರ ಕಾಲದ ಕಮಾಂಡನ್ನು ಹಾಗೇ ತಂದು ಅಂಟಿಸಿದವರು ಎಡವುವುದು ಇಲ್ಲೇ. ಒಂದೇ ವಿಳಾಸವನ್ನು ನಂಬಿದರೆ ಅದು ಮಂಕಾದಾಗಲೂ ಸುಮ್ಮನೆ ಲೈನ್ ಬದಲಾಗುತ್ತದೆ. ಹಾಗಾಗಿ 208.67.220.220 ಮೂಲಕ ಇದೇ ಕನೆಕ್ಷನ್‌ಗೆ ಡಿಸ್ಟೆನ್ಸ್ 2ರ ಇನ್ನೊಂದು ರೂಟ್ ಹಾಕಿ, 4ಜಿಗೆ ಡಿಸ್ಟೆನ್ಸ್ 3 ಕೊಡಿ. ಪಿಂಗ್ ಹೋಗುವುದು 10 ಸೆಕೆಂಡಿಗೊಮ್ಮೆ, ಎರಡು ಸಲ ಉತ್ತರ ಬರದಿದ್ದರೆ ಗೇಟ್‌ವೇ ಸತ್ತಂತೆ ಲೆಕ್ಕ. ಇಪ್ಪತ್ತು ಮೂವತ್ತು ಸೆಕೆಂಡು ಎಲ್ಲ ನಿಲ್ಲುವುದು ಸಹಜ. ಬೇರೆ ಕಂಪನಿಯ ಡ್ಯುಯಲ್ ವ್ಯಾನ್ ರೂಟರ್ ಆದರೆ ಆನ್‌ಲೈನ್ ಡಿಟೆಕ್ಷನ್‌ಗೆ ಹೊರಗಿನ ವಿಳಾಸವನ್ನು ನೀವೇ ಕೊಡಿ.

ತಪಾಸಣೆಗೆ 8.8.8.8 ಇಡಲೇಬೇಡಿ. ಯಾರೋ ಬರೆದದ್ದನ್ನೇ ನಕಲು ಮಾಡಿ ಬಹಳಷ್ಟು ಸೆಟಪ್‌ಗಳಲ್ಲಿ ಅದೇ ಕೂತಿದೆ. ಆ ವಿಳಾಸವನ್ನು ಒಂದನೇ ಲೈನಿಗೆ ಕಟ್ಟಿಹಾಕಿದ ಮೇಲೆ, ಡಿಎನ್‌ಎಸ್‌ಗೆ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) 8.8.8.8 ಇಟ್ಟುಕೊಂಡ ಕಂಪ್ಯೂಟರುಗಳ ಗತಿ ಏನು? ಲೈನ್ ಬದಲಾಗುತ್ತದೆ, ಪಿಂಗ್ ಹೋಗುತ್ತದೆ, ಒಂದು ಸೈಟೂ ತೆರೆಯುವುದಿಲ್ಲ. ಇಂಟರ್ನೆಟ್ ಕಂಪನಿ ಕೊಟ್ಟ ಡಿಎನ್‌ಎಸ್ ಬಳಸಿದರೂ ಇದೇ ಕಥೆ, ಬೇರೆ ಕಂಪನಿಯ ಜಾಲದಿಂದ ಕೇಳಿದರೆ ಅದು ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ಕಂಪ್ಯೂಟರುಗಳಿಗೆಲ್ಲ ರೂಟರನ್ನೇ ಡಿಎನ್‌ಎಸ್ ಆಗಿ ಕೊಟ್ಟು, ರೂಟರ್ 1.1.1.1 ಮತ್ತು 8.8.8.8ನ್ನು ಕೇಳಲಿ.

ಇಂಟರ್ನೆಟ್ ಫೋನ್ ಇರುವ ಕಡೆ ಇನ್ನೊಂದು ಪೇಚು. ಬ್ರೌಸರ್ ಚೇತರಿಸಿಕೊಂಡರೂ ಫೋನ್ ಸತ್ತೇ ಇರುತ್ತದೆ. ಒಳಗಿನ ವಿಳಾಸಕ್ಕೆ ಲೈನಿನ ವಿಳಾಸ ತೊಡಿಸುವ ಮಾಸ್ಕರೇಡ್, ಪೋರ್ಟ್ ಬಿದ್ದಾಗ ತನ್ನ ಪಟ್ಟಿಯಲ್ಲಿರುವ ಹಳೆಯ ಸಂಪರ್ಕಗಳ ಎಂಟ್ರಿಗಳನ್ನು ಅಳಿಸುತ್ತದೆ, ಆದರೆ ಇಲ್ಲಿ ಪೋರ್ಟ್ ಬಿದ್ದಿಲ್ಲ, ರೂಟ್ ಬದಲಾಗಿದೆ ಅಷ್ಟೇ. ಫೋನ್ ಕೆಲವು ಸೆಕೆಂಡಿಗೊಮ್ಮೆ ಪ್ಯಾಕೆಟ್ ಕಳಿಸುತ್ತಾ ಆ ಹಳೆಯ ಎಂಟ್ರಿಯನ್ನು ತಾನೇ ಜೀವಂತ ಇಟ್ಟುಕೊಳ್ಳುತ್ತದೆ, ಪ್ಯಾಕೆಟ್‌ಗಳು ಒಂದನೇ ಲೈನಿನ ವಿಳಾಸ ಹೊತ್ತು ಎರಡನೇ ಲೈನಿನಲ್ಲಿ ಹೋಗಿ ಕಳೆದುಹೋಗುತ್ತವೆ. ಒಂದು ವಿಳಾಸ ಸಿಗುತ್ತಿದೆಯೇ ಎಂದು ಕಾಯುವ ಮೈಕ್ರೋಟಿಕ್‌ನ ನೆಟ್‌ವಾಚ್‌ನ ಅಪ್ ಮತ್ತು ಡೌನ್ ಸ್ಕ್ರಿಪ್ಟ್ ಎರಡರಲ್ಲೂ, ಇಂಟರ್ನೆಟ್ ಫೋನ್ ಬಳಸುವ 5060 ಪೋರ್ಟಿನ ಎಂಟ್ರಿಗಳನ್ನು ಅಳಿಸಿ. ಫೈಬರ್ ವಾಪಸ್ ಬಂದಾಗಲೂ ಇದೇ ತೊಂದರೆ ಬರುವುದರಿಂದ ಎರಡೂ ಬೇಕು.

ಒಎನ್‌ಟಿ ಮತ್ತು 4ಜಿ ಡಾಂಗಲ್ ಎರಡೂ 192.168.1.x ವಿಳಾಸವನ್ನೇ ಕೊಡುತ್ತಿದ್ದರೆ ಒಂದನ್ನು 192.168.2.xಗೆ ಬದಲಿಸಿ. 4ಜಿ ಸಿಮ್ ಸಾಮಾನ್ಯವಾಗಿ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರ ವಿಳಾಸ) ಹಿಂದೆ ಇರುತ್ತದೆ, ಹಾಗಾಗಿ ಪೋರ್ಟ್ ಫಾರ್ವರ್ಡ್ ಮಾಡಿ ನೋಡುವ ಸಿಸಿಟಿವಿ ಆ ಹೊತ್ತಿನಲ್ಲಿ ಸಿಗುವುದಿಲ್ಲ.

ಪ್ರೀಪೇಯ್ಡ್ ಸಿಮ್ ಹಾಕಿದ್ದರೆ ವ್ಯಾಲಿಡಿಟಿ ಮುಗಿದದ್ದು ಯಾರಿಗೂ ಗೊತ್ತಾಗುವುದಿಲ್ಲ, ಮೆಸೇಜ್ ಡಾಂಗಲ್ ಒಳಗೇ ಬಂದು ಕೂರುತ್ತದೆ. ಎರಡನೇ ಲೈನಿಗೂ ಪ್ರತ್ಯೇಕ ನೆಟ್‌ವಾಚ್ ಇಟ್ಟು, ಅದು ಬಿದ್ದರೆ ಈಮೇಲ್ ಬರುವಂತೆ ಮಾಡಿ. ಈಮೇಲ್ ಹೊರಡಲು ಫೈಬರ್ ಇದ್ದೇ ಇರುತ್ತದಲ್ಲ.

4ಜಿ ಬದಲು ಎರಡನೆಯದೂ ಫೈಬರ್ ಎನ್ನುವವರು ಹಣ ಕಟ್ಟುವ ಮೊದಲು ಮನೆ ಮುಂದಿನ ಕಂಬ ನೋಡಿ. ಎರಡು ಕಂಪನಿಯ ಹೆಸರಿದ್ದರೂ ಮನೆವರೆಗಿನ ತಂತಿ ಒಬ್ಬನೇ ಲೋಕಲ್ ಕೇಬಲ್‌ನವನದ್ದಾಗಿರಬಹುದು. ಬೆಂಗಳೂರಿನಲ್ಲಿ ಬೆಸ್ಕಾಂನವರು ಕಂಬದಿಂದ ಅನಧಿಕೃತ ಕೇಬಲ್ ಕತ್ತರಿಸಲು ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ತಂತಿ ಯಾವ ಕಂಬದಿಂದ, ಯಾವ ರಸ್ತೆಯ ಕಡೆಯಿಂದ ಬರುತ್ತದೆ ಎಂದು ಕನೆಕ್ಷನ್ ಕೊಡಲು ಬಂದ ಹುಡುಗನನ್ನೇ ಕೇಳಿ. ಕಂಪನಿಯ ಕಾಲ್ ಸೆಂಟರ್‌ಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.