ವರುಣಮಿತ್ರ: ಮೈಲುತುತ್ತ ಕರಗಿಸುವ ಮುನ್ನ ಒಂದು ಕರೆ

ಮಳೆಗಾಲದಲ್ಲಿ ನಾನು ನೆಚ್ಚಿಕೊಂಡಿರುವ ಸಂಖ್ಯೆ 92433 45433. ಯಲಹಂಕದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆಸುವ ‘ವರುಣಮಿತ್ರ’ ಸಹಾಯವಾಣಿ ಇದು. ಹಗಲಿರುಳೂ ಇರುತ್ತದೆ. ತಾಲ್ಲೂಕು, ಹೋಬಳಿ ಹೇಳಿದರೆ ಅಲ್ಲಿಯ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ತಿಳಿಸುತ್ತಾರೆ.

ನಮ್ಮದು ಹೊಸನಗರ ತಾಲ್ಲೂಕಿನ ನಗರ ಹೋಬಳಿ, ಅಡಿಕೆ ತೋಟ. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಹೊಡೆಯಲೇಬೇಕು. ಮೈಲುತುತ್ತಕ್ಕೆ ಸುಣ್ಣ ಸೇರಿಸಿದ ಮೇಲೆ ದ್ರಾವಣವನ್ನು ಅಂದೇ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಮರವೇರಿ ಔಷಧಿ ಹೊಡೆಯುವ ಕೊನೆಗಾರ ನೀರಿಳಿಯುವ ಮರವನ್ನು ಹತ್ತುವುದು ಪ್ರಾಣಕ್ಕೇ ಅಪಾಯ. ಹೊಡೆದ ಔಷಧಿ ಅಡಿಕೆ ಗೊನೆಗೆ ಹಿಡಿದು ಒಣಗಲು ಕೆಲವು ತಾಸಾದರೂ ಮಳೆ ಬಿಟ್ಟು ಹೊಳವಾಗಬೇಕು. ಆ ಹೊಳವು ಎಂದು, ಎಷ್ಟು ಹೊತ್ತು ಎನ್ನುವುದಷ್ಟೇ ನನಗೆ ಬೇಕಾದದ್ದು. ‘ಮಲೆನಾಡಿನಲ್ಲಿ ಭಾರಿ ಮಳೆ’ ಎಂದು ಟಿವಿಯಲ್ಲಿ ಹೇಳಿದರೆ ಅದರಿಂದ ಉಪಯೋಗವಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ. ನಮ್ಮ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಯವರಿಗೆ ಜುಲೈ ತಿಂಗಳಲ್ಲಿ ಅದೇನೂ ದೊಡ್ಡ ಮಳೆಯಲ್ಲ.

ಫೋನಿನಲ್ಲಾದರೆ ಮರುಪ್ರಶ್ನೆ ಕೇಳಬಹುದು. ‘ಮಧ್ಯಾಹ್ನದವರೆಗೆ ತಡೆದೀತೇ? ನಾಳೆಗಿಂತ ನಾಡಿದ್ದು ವಾಸಿಯೇ?’ ಎಂದರೆ ಅದಕ್ಕೆ ತಕ್ಕ ಉತ್ತರ ಬರುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವರ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅಂಕಿ ಅಂಶ ಕೇಂದ್ರಕ್ಕೆ ತಲುಪುತ್ತದೆ. ಹೀಗಾಗಿ ಪಕ್ಕದ ಪಂಚಾಯಿತಿಯಲ್ಲಿ ಬಿದ್ದ ಮಳೆಯನ್ನೂ ವಿಚಾರಿಸುತ್ತೇನೆ. ಇನ್ನೊಂದು ಅನುಕೂಲ: ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ನಮ್ಮಲ್ಲಿ ಇಂಟರ್‌ನೆಟ್ಟೂ ಹೋಗುತ್ತದೆ, ಆ್ಯಪ್‌ಗಳೆಲ್ಲ ಸುಮ್ಮನಾಗುತ್ತವೆ. ತಂತಿ ತುಂಡಾಗದಿದ್ದರೆ ಹಳೆಯ ಲ್ಯಾಂಡ್‌ಲೈನ್ ಆಗಲೂ ನಡೆಯುತ್ತದೆ. ಸ್ಮಾರ್ಟ್‌ಫೋನ್ ಮುಟ್ಟದ ನಮ್ಮ ಅತ್ತೆಯವರೂ ತಾವೇ ಕರೆ ಮಾಡಿ ಕೇಳಿಕೊಳ್ಳುತ್ತಾರೆ. ಈ ಸೇವೆಯ ಮಹತ್ವ ನನಗೆ ತಿಳಿದಿರುವುದೇ ಇಂಥ ಹೊತ್ತಿನಲ್ಲಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಬಗ್ಗೆ ಇಷ್ಟು ಖಚಿತ ಉತ್ತರ ನಿರೀಕ್ಷಿಸಬಾರದು. ಗುಡ್ಡದ ಈಚೆ ಸುರಿದದ್ದು ಆಚೆ ಹನಿಯದೇ ಹೋಗುವ ಮಳೆ ಅದು. ಯಾರೂ ಊರಿನ ಲೆಕ್ಕದಲ್ಲಿ ಹೇಳಲಾರರು. ಮುಂಗಾರಿನಲ್ಲೂ ಒಂದೇ ಕರೆಗೆ ಬಿಡಬೇಡಿ. ಸಂಜೆ ಕೇಳಿ ಕೊನೆಗಾರನಿಗೆ ಹೇಳಿಕಳುಹಿಸಿ, ಬೆಳಿಗ್ಗೆ ಮತ್ತೊಮ್ಮೆ ಕೇಳಿದ ಮೇಲೆಯೇ ಮೈಲುತುತ್ತವನ್ನು ನೀರಿಗೆ ಹಾಕಿ.