ಡ್ವೇನ್ ಇಲ್ಲದ ಆಲ್ಮನ್ ಬ್ರದರ್ಸ್: 1972–73ರ ಲೈವ್ ಆಲ್ಬಂಗಳಲ್ಲಿ ಯಾವುದನ್ನು ಕೊಳ್ಳಬೇಕು?

ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡಿನ ಲೈವ್ ಆಲ್ಬಂ ಯಾವುದು ಕೇಳಲಿ ಎಂದರೆ ಎಲ್ಲರೂ ಹೇಳುವುದು 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ 'ಅಟ್ ಫಿಲ್‌ಮೋರ್ ಈಸ್ಟ್'. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವರ್ಷದ ಅಕ್ಟೋಬರ್ 29ರಂದು ಜಾರ್ಜಿಯಾದ ಮೇಕನ್‌ನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ಗಿಟಾರ್ ವಾದಕ ಡ್ವೇನ್ ಆಲ್ಮನ್ ತೀರಿಕೊಂಡ. ಮರುವರ್ಷ ನವೆಂಬರ್ 11ರಂದು ಬೇಸ್ ವಾದಕ ಬೆರಿ ಓಕ್ಲಿಯೂ ಅದೇ ಊರಿನಲ್ಲಿ ಬೈಕ್ ಅಪಘಾತದಲ್ಲೇ ಹೋದ. ಆ ಎರಡು ವರ್ಷ ವೇದಿಕೆಯ ಮೇಲೆ ಬ್ಯಾಂಡ್ ಹೇಗೆ ಉಳಿದುಕೊಂಡಿತು ಎಂಬುದೇ ಇಲ್ಲಿಯ ವಿಷಯ.

ಅಧಿಕೃತವಾಗಿ ಸಿಗುವವುಗಳಲ್ಲಿ ಮುಖ್ಯವಾದವು ನಾಲ್ಕು. ಮೇಕನ್ ಸಿಟಿ ಆಡಿಟೋರಿಯಂ (11 ಫೆಬ್ರವರಿ 1972) ಮತ್ತು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾನ್ಲಿ ಫೀಲ್ಡ್ ಹೌಸ್ (7 ಏಪ್ರಿಲ್ 1972) ಐದೇ ಜನರಿದ್ದ ಕಾಲದವು. ನಾಸೌ ಕೊಲಿಸಿಯಂ (1 ಮೇ 1973) ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್ (26 ಸೆಪ್ಟೆಂಬರ್ 1973) ಪಿಯಾನೊ ಮತ್ತು ಹೊಸ ಬೇಸ್ ವಾದಕ ಸೇರಿದ ತಂಡದವು. ಸಿರಾಕ್ಯೂಸ್ 2024ರಲ್ಲಷ್ಟೇ ಹೊರಬಂತು. ವಿಂಟರ್‌ಲ್ಯಾಂಡ್ ಬೇಕಿದ್ದರೆ 'ಬ್ರದರ್ಸ್ ಅಂಡ್ ಸಿಸ್ಟರ್ಸ್' ಆಲ್ಬಂನ 2013ರ ನಾಲ್ಕು ಸಿ.ಡಿ.ಗಳ ಆವೃತ್ತಿಯನ್ನೇ ಕೊಳ್ಳಬೇಕು. ಒಂದು ಸಿ.ಡಿ.ಯ ಮಾಮೂಲಿ ಆವೃತ್ತಿ ಕೊಂಡರೆ ಸ್ಟುಡಿಯೊ ಹಾಡುಗಳು ಮಾತ್ರ ಸಿಗುತ್ತವೆ.

ಐದು ಜನರ ತಂಡದಲ್ಲಿ ಏನು ಕಳೆದಿದೆ ಎಂದು ತಿಳಿಯಲು ಮೊದಲು ಏನಿತ್ತು ಎಂಬುದು ಗೊತ್ತಿರಬೇಕು. ಡ್ವೇನ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ಒಂದೇ ರಾಗವನ್ನು ಎರಡು ಬೇರೆ ಸ್ವರಗಳಿಂದ ಹಿಡಿದು ಜೊತೆಜೊತೆಯಾಗಿ ನುಡಿಸುತ್ತಿದ್ದರು. ಒಬ್ಬ ಸೋಲೊಗೆ ಇಳಿದರೆ ಇನ್ನೊಬ್ಬ ಹಿಂದೆ ರಿಫ್ (ಮತ್ತೆಮತ್ತೆ ಬರುವ ಸಣ್ಣ ಸ್ವರಗುಚ್ಛ) ಕಾಯುತ್ತಿದ್ದ. 1972ರಲ್ಲಿ ಈ ಎರಡೂ ಕೆಲಸ ಬೆಟ್ಸ್ ತಲೆಗೇ ಬಿತ್ತು. ಅವನು ಸೋಲೊ ಶುರು ಮಾಡಿದೊಡನೆ ಹಿಂದಿನ ಗಿಟಾರ್ ಮಾಯ, ನಡುವೆ ಒಂದು ಟೊಳ್ಳು. ಆ ಟೊಳ್ಳಿಗೆ ಡ್ವೇನ್‌ನ ತಮ್ಮ, ಗಾಯಕ ಗ್ರೆಗ್ ಆಲ್ಮನ್‌ನ ಹ್ಯಾಮಂಡ್ ಆರ್ಗನ್ ನೀಳ ಸ್ವರಗಳನ್ನು ಹಾಸುತ್ತದೆ. ಆದರೆ ನಿಜವಾಗಿ ಹೊರೆ ಹೊತ್ತವನು ಓಕ್ಲಿ. ಫೆಂಡರ್ ಜಾಝ್ ಬೇಸ್‌ಗೆ ಗಿಲ್ಡ್ ಬೇಸಿನ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಕೂರಿಸಿ, ಅದನ್ನು 'ಟ್ರ್ಯಾಕ್ಟರ್' ಎಂದು ಕರೆಯುತ್ತಿದ್ದ. ಫಿಲ್‌ಮೋರ್‌ನಲ್ಲೂ ಅವನ ಬೇಸ್ ಸುಮ್ಮನೆ ತಾಳ ಹಾಕುತ್ತಾ ಕೂತದ್ದಲ್ಲ, 'ವಿಪ್ಪಿಂಗ್ ಪೋಸ್ಟ್'ನ 11 ಎಣಿಕೆಯ ಆರಂಭ ಅವನದೇ. ಈ 1972ರ ಕಛೇರಿಗಳಲ್ಲಿ ಅದು ಇನ್ನೊಂದು ಲೀಡ್ ವಾದ್ಯವೇ ಆಗಿದೆ. ಸಣ್ಣ ಸ್ಪೀಕರಿನಲ್ಲಿ ಕೇಳಿದರೆ ಇದು ಕಿವಿಗೆ ಬೀಳುವುದೇ ಇಲ್ಲ, ತಂಡ ಬಡವಾಗಿದೆ ಅನ್ನಿಸಿಬಿಡುತ್ತದೆ. ಹೆಡ್‌ಫೋನ್ ಹಾಕಿಯೇ ಕೇಳಿ.

ಸ್ಲೈಡ್ (ತಂತಿಯ ಮೇಲೆ ಗಾಜಿನ ಅಥವಾ ಲೋಹದ ಕೊಳವೆ ಜಾರಿಸಿ ನುಡಿಸುವುದು) ವಿಚಾರಕ್ಕೆ 'ಸ್ಟೇಟ್ಸ್‌ಬರೊ ಬ್ಲೂಸ್' ಸಾಕು. ಡ್ವೇನ್ ಓಪನ್ ಇ ಶ್ರುತಿಯಲ್ಲಿ (ತಂತಿ ಒತ್ತದೆ ಮೀಟಿದರೇ ಇ ಮೇಜರ್ ಸ್ವರಮೇಳ ಬರುವ ಹಾಗೆ), ಗಾಜಿನ ಮಾತ್ರೆ ಸೀಸೆಯನ್ನು ಬೆರಳಿಗೆ ತೊಡಿಸಿಕೊಂಡು ನುಡಿಸುತ್ತಿದ್ದ. ಆ ಸ್ವರ ಜಾರುತ್ತಾ, ಗೊಣಗುತ್ತಾ ಬರುತ್ತದೆ. ಬೆಟ್ಸ್ ಕಸುಬು ಬೆರಳೊತ್ತಿ ರಾಗ ಕಟ್ಟುವುದು. ಅವನ ಸ್ಲೈಡ್ ಅಚ್ಚುಕಟ್ಟು, ಆದರೆ ಆ ತುಂಟತನ ಇಲ್ಲ. ಹಳೆಯ ಹಾಡುಗಳಲ್ಲಿ ಇದು ಕೊರತೆಯೇ, ಮುಚ್ಚಿಡುವುದೇಕೆ? ಡ್ವೇನ್ ಹೋದ ಮೇಲೆ ಧ್ವನಿಮುದ್ರಿಸಿದ 'ಏಯ್ನ್ಟ್ ವೇಸ್ಟಿನ್ ಟೈಮ್ ನೋ ಮೋರ್'ನಲ್ಲಿ ಮಾತ್ರ ಅದೇ ಸ್ಲೈಡ್ ಹೇಳಿ ಮಾಡಿಸಿದ ಹಾಗಿದೆ, ಏಕೆಂದರೆ ಅದನ್ನು ಹೋಲಿಸಿ ನೋಡಲು ಡ್ವೇನ್ ನುಡಿಸಿದ್ದು ಇಲ್ಲ.

ಇನ್ನೊಬ್ಬ ಗಿಟಾರ್ ವಾದಕನನ್ನು ತರದೆ ಪಿಯಾನೊ ತಂದದ್ದು ಬ್ಯಾಂಡಿನ ಜಾಣತನ. ಪಿಯಾನೊ ವಾದಕ ಚಕ್ ಲೆವೆಲ್‌ಗೆ ಆಗ 20 ವರ್ಷ. ಓಕ್ಲಿ ತೀರಿಕೊಂಡ ಮೇಲೆ ಬೇಸ್‌ಗೆ ಡ್ರಮ್ಮರ್ ಜೈಮೋನ ಹಳೆಯ ಗೆಳೆಯ ಲಮಾರ್ ವಿಲಿಯಮ್ಸ್ ಬಂದ. ಇವನು ಓಕ್ಲಿಯ ಹಾಗೆ ಅಲೆದಾಡುವುದಿಲ್ಲ, ನೆಲ ಹಿಡಿದು ಕೂರುತ್ತಾನೆ. ಮೇಲೆ ಪಿಯಾನೊ ಓಡಾಡುವಾಗ ಕೆಳಗೆ ಬೇಸ್ ಕೂಡ ಓಡಿದ್ದರೆ ಗೊಂದಲವಾಗುತ್ತಿತ್ತು.

'ಜೆಸಿಕಾ'ದಲ್ಲಿ ಈ ಹೊಸ ಏರ್ಪಾಡು ಸ್ಪಷ್ಟ. ಗಿಟಾರ್, ಪಿಯಾನೊ, ಆರ್ಗನ್ ಮೂರೂ ರಾಗವನ್ನು ಹಂಚಿಕೊಂಡು ಹೋಗುತ್ತವೆ. ಹಳೆಯ ಜೋಡಿ ಗಿಟಾರಿನ ಉಪಾಯಕ್ಕೇ ಬೇರೆ ಬಣ್ಣ. 'ರ್‍ಯಾಂಬ್ಲಿನ್ ಮ್ಯಾನ್' ಅಷ್ಟು ಸಲೀಸಲ್ಲ. ಸ್ಟುಡಿಯೊದಲ್ಲಿ ಲೆಸ್ ಡ್ಯೂಡೆಕ್ ಎಂಬ ಅತಿಥಿ ಎರಡನೇ ಗಿಟಾರ್ ನುಡಿಸಿದ್ದ. ವೇದಿಕೆಯಲ್ಲಿ ಅವನಿಲ್ಲದ್ದರಿಂದ ಕೊನೆಯ ಗಿಟಾರ್ ಸಾಲುಗಳು ತೆಳುವಾಗಿ ಕೇಳುತ್ತವೆ. ಮಿಕ್ಸಿಂಗ್ ತಪ್ಪೆಂದು ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ.

ಒಂದೇ ಕೊಳ್ಳುವುದಾದರೆ ವಿಂಟರ್‌ಲ್ಯಾಂಡ್. ಆ ಹೊತ್ತಿಗೆ ತಂಡ ಪಳಗಿತ್ತು. 'ಎಲಿಜಬೆತ್ ರೀಡ್' ಫಿಲ್‌ಮೋರ್‌ನಲ್ಲಿ ಸುಮಾರು 13 ನಿಮಿಷವಿದ್ದದ್ದು ಇಲ್ಲಿ ಇನ್ನೂ ಉದ್ದವಾಗಿದೆ, ಪಿಯಾನೊ ಸೋಲೊ ಇರುವುದರಿಂದ ಎಳೆದಂತಿಲ್ಲ. ಎರಡನೆಯದು ಸಿರಾಕ್ಯೂಸ್, ಓಕ್ಲಿಗಾಗಿ. ಮೇಕನ್ ಮತ್ತು ನಾಸೌ, ಮೇಲಿನ ಎರಡನ್ನೂ ಮೆಚ್ಚಿದ ಮೇಲೆ ಕೊಂಡರೆ ಸಾಕು.

1976ರಲ್ಲಿ, ಬ್ಯಾಂಡ್ ಒಡೆದ ಮೇಲೆ ಬಂದ ಡಬಲ್ ಆಲ್ಬಂ 'ವೈಪ್ ದ ವಿಂಡೋಸ್, ಚೆಕ್ ದ ಆಯಿಲ್, ಡಾಲರ್ ಗ್ಯಾಸ್' ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಆದರೆ ಅದನ್ನು ಒಂದು ರಾತ್ರಿಯ ಕಛೇರಿ ಎಂದುಕೊಳ್ಳಬೇಡಿ. 1972ರಿಂದ 1975ರವರೆಗಿನ ಬೇರೆಬೇರೆ ವೇದಿಕೆಗಳ ತುಣುಕು ಅದು. ಸುಮಾರು 6 ಲಕ್ಷ ಜನ ಸೇರಿದ್ದ 1973ರ ವಾಟ್ಕಿನ್ಸ್ ಗ್ಲೆನ್ ಸಂಗೀತ ಮೇಳದ 'ಕಮ್ ಅಂಡ್ ಗೋ ಬ್ಲೂಸ್' ಇರುವುದು ಅದರಲ್ಲೇ. 1975ರ ಹಾಡುಗಳಲ್ಲಿ ದಣಿವು ಎದ್ದು ಕಾಣುತ್ತದೆ, ಅವನ್ನು ದಾಟಿಸಿ ಮುಂದೆ ಹೋಗಬಹುದು.